ಹವಳಿಯ ಹಗ್ಗ

ಕಾಕಾ,

ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಒಂದೇ ಮನೆಯಲ್ಲಿದ್ದವರು ಪತ್ರ ಏಕೆ ಬರೆದುಕೊಳ್ಳುತ್ತಾರೆ? ಮೆರವಣಿಗೆಗೆ ಕುದುರೆ ಹೇಳಿದವರ ಲಗ್ನಪತ್ರಿಕೆ ತಂದು ನನ್ನ ಮುಂದಿಟ್ಟು, "ರೇಣವ್ವಾ, ಎಲ್ಲಿ ಐತಿ, ಎಷ್ಟ ಗಂಟೆಕ್ಕ ಐತಿ, ಅಷ್ಟ ಓದ. ಅವರ ಬಂಧು ಬಳಗದ ಹೆಸರು ಕಟಗೊಂಡು ನಮಗೇನು" ಎನ್ನುತ್ತಿದ್ದೆ. ಇದರಲ್ಲೂ ಬೇಕಾದಷ್ಟನ್ನೇ ಬರೆಯುತ್ತೇನೆ. ನೀನು ಹೋದ ಮೇಲೆ ಹವಳಿಯ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಬೇರೆಯವರಿಂದ ನೀನು ಕೇಳುವಂತಿಲ್ಲ, ನಾನೇ ಹೇಳಬೇಕು.

ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ನಿನ್ನ ಮಂಚ ಕಿಟಕಿಯ ಪಕ್ಕಕ್ಕಿತ್ತು. ಆ ಮಧ್ಯಾಹ್ನ ಅಪ್ಪ ನಿನ್ನ ಕಾಲ ಬಳಿ ಕುಳಿತಿದ್ದ. "ಹವಳಿನ್ನ ಮಾರಬ್ಯಾಡ್ರಿ," ಎಂದೆ ನೀನು. "ನಮ್ಮ ಮನ್ಯಾಗ ನಡಸೋರು ಇಲ್ಲ, ಖರೇ. ಬಲ್ಲವರ ಕಡೆ ನಡಸಾಕ ಕೊಡ್ರಿ. ನಿಂತ ಕುದುರಿ ಕೆಡತೈತಿ. ಆದರ ಮನಿ ಕುದುರಿ ಮನೀದ ಇರಲಿ." ಅಪ್ಪ "ಆತು" ಎಂದ. ನೀನು ತಮ್ಮನಾಗಿ ಅಣ್ಣನನ್ನು ನೋಡಬೇಕಿತ್ತು, ನನ್ನನ್ನು ನೋಡಿದೆ. "ನೀ ಬರದ ಇಟ್ಕೋ" ಎಂದೆ. ಕೈಯಲ್ಲಿದ್ದ ಔಷಧಿ ಚೀಟಿಯ ಹಿಂದೆ ನಾನು ನಿಜಕ್ಕೂ ಬರೆದುಕೊಂಡೆ: ಮಾರಬಾರದು, ನಡೆಸಲು ಕೊಡಬೇಕು. ಚೀಟಿ ಇನ್ನೂ ಇದೆ. ನನಗೇ ಏಕೆ ಹೇಳಿದೆ? ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮಾಡಿದವಳಿಗೆ ಕುದುರೆಯ ವ್ಯವಹಾರ ಗೊತ್ತಿರುತ್ತದೆ ಎಂದು ನೀನು ಹೇಗೆ...

ನನಗೆ ನೆನಪಿರುವುದು ಹವಳಿಯ ಬಣ್ಣದ ಜಗಳ. ಫೋನು ಬಂದರೆ ಮೊದಲ ಪ್ರಶ್ನೆಯೇ "ಬಿಳೇದ ಐತಿಲ್ಲ?" ನೀನು ಸಮಾಧಾನವಾಗಿ "ಕೆಂಪೈತ್ರಿ, ಹವಳದಂಗ" ಎನ್ನುತ್ತಿದ್ದೆ. ಅರ್ಧ ಜನ ಅಲ್ಲೇ ಫೋನು ಇಡುತ್ತಿದ್ದರು. ಬಿಳಿ ಕುದುರೆಗಳೆಲ್ಲ ಬೇರೆ ಮದುವೆಗೆ ಹೋದ ದಿನ ಅವರೇ ಮತ್ತೆ ಫೋನು ಮಾಡುತ್ತಿದ್ದರು. "ಎರಡನೇ ಸಲ ಕರದವರ ಮನಿಗೆ ಹೋದರ ಊಟಾ ಚಲೋ ಇರತೈತಿ, ಅವರಿಗೆ ನಾಚಿಕಿ ಇರತೈತಲ್ಲ" ಎಂದು ನೀನು ನಗುತ್ತಿದ್ದೆ. ಬೆಳಿಗ್ಗೆ ವರದಾ ನದಿಯಲ್ಲಿ ಮೈ ತೊಳೆಸಿ ತಂದಾಗ ಹಿತ್ತಿಲಿಗೆಲ್ಲ ಒದ್ದೆ ಕೂದಲಿನ ವಾಸನೆ. ತನ್ನ ಅಂಗಡಿಗೆ ಹೋಗುವ ಮುಂಚೆ ಅಪ್ಪ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದ. ಮುಟ್ಟುತ್ತಿರಲಿಲ್ಲ. ಇದನ್ನು ನಾನು ನೋಡಿದ್ದೆ. "ನಮ್ಮ ರೇಣವ್ವನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ, ಬಾಯಿಂದ ಬೀಳೂದು ಮಾತ್ರ ಏನೂ ಇಲ್ಲ" ಎಂದು ನೀನೇ ಹೇಳುತ್ತಿದ್ದೆಯಲ್ಲ.

ನಿನ್ನ ದಿನಕರ್ಮ ಮುಗಿದ ಮರುವಾರವೇ ಒಬ್ಬ ದಲ್ಲಾಳಿ ಬಂದು ಹಿತ್ತಿಲಿಗೆ ಹೋಗಿ ಹವಳಿಯ ಹಲ್ಲು ನೋಡಿದ. ಅಪ್ಪ "ಮಾರೂದಲ್ಲ" ಎಂದು ಕಳಿಸಿದ. ಆದರೆ ಕುದುರೆ ನಿಂತೇ ಇತ್ತು. ಕಾಲು ಬದಲಿಸುತ್ತ, ಗೋಡೆ ನೆಕ್ಕುತ್ತ. ಆಗ ನನಗೆ ಬ್ಯಾಡಗಿಯ ಫಕ್ಕೀರಪ್ಪ ಮಾವ ನೆನಪಾದರು. ಸ್ಟೇಷನ್ ಹಿಂದಿನ ಓಣಿಯಲ್ಲಿ ಮದುವೆಯ ಸಾರೋಟು ಇಟ್ಟುಕೊಂಡಿರುವವರು. ತಮ್ಮ ಕುದುರೆ ಕುಂಟಿದಾಗಲೆಲ್ಲ ನಿನ್ನಿಂದ ಹವಳಿಯನ್ನು ಒಯ್ದು ಸಾರೋಟು ಹೊಡೆದು ತಂದು ಬಿಡುತ್ತಿದ್ದರು. ಅವರ ಕುದುರೆ ಮುದಿಯಾಗಿ ಸತ್ತಿದೆ ಎಂದೂ ಗೊತ್ತಿತ್ತು. ಅಪ್ಪ ಫೋನು ಮಾಡಿದ. ಎರಡು ವರ್ಷ ನಡೆಸಲು ಕೊಡುವುದು ಎಂದು ಮಾತಾಯಿತು. "ಉಳಿದದ್ದು ರೇಣುಕಾ ಬರೀತಾಳ" ಎಂದ ಅಪ್ಪ.

ಕರಾರುಪತ್ರ ಬರೆದ ದಿನ ನೀನು ಇರಬೇಕಿತ್ತು. ಹಾವೇರಿಯಲ್ಲಿ ಕೋರ್ಟಿನ ಎದುರಿನ ಬಾಂಡ್ ಬರೆಯುವ ಅಂಗಡಿಯಲ್ಲಿ ನಾನು ಟೈಪ್ ಮಾಡುವುದು ನಿನಗೆ ಗೊತ್ತೇ ಇದೆ. ನಮ್ಮ ಸರ್ ಕನ್ನಡಕ ಏರಿಸಿ, "ಕುದುರಿ ಕೊಡೂ ಕರಾರು ಎಲ್ಲಿಂದ ತರೂಣು? ಮನಿ ಬಾಡಗಿದು ತಗಿ, ಮನಿ ಇದ್ದಲ್ಲೆ ಕುದುರಿ ಹಾಕ" ಎಂದರು. ಹಾಕಿದೆ. 'ಸದರಿ ಕುದುರೆಗೆ ಮೊಳೆ ಹೊಡೆಯತಕ್ಕದ್ದಲ್ಲ, ಬಿಟ್ಟುಕೊಡುವಾಗ ಸುಣ್ಣಬಣ್ಣ ಮಾಡಿಸಿ ಕೊಡತಕ್ಕದ್ದು' ಎಂದು ಬಂತು. ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯ ಜಾಗಕ್ಕೆ ಬಂದಾಗ ಸರ್, "ಮೂಡಲಕ್ಕ ಮೂತಿ, ಪಡುವಲಕ್ಕ ಬಾಲ ಅಂತ ಬರಿ" ಎಂದರು.

"ತಿರಗಿ ನಿಂತರರಿ?"

"ತಿದ್ದುಪಡಿ ಮಾಡಿಸೂಣು, ಬಿಡ."

ಆಮೇಲೆ ಎಲ್ಲವನ್ನೂ ಅಳಿಸಿ ನಾನೇ ಬರೆದೆ. ಹಣೆಯ ಮೇಲೆ ಬಿಳಿ ಬೊಟ್ಟು, ಎಡಗಿವಿಯ ಹಿಂದೆ ಒಂದು ಸುಳಿ, ಬಲ ಹಿಂಗಾಲಿನಲ್ಲಿ ಗೊರಸಿನ ಮೇಲೆ ಬಿಳಿ ಪಟ್ಟಿ. ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ಅಂಟಿಸಿದೆ. ಪಶುವೈದ್ಯರಿಂದ ಆರೋಗ್ಯದ ಚೀಟಿ ಪಡೆದು ಹಚ್ಚಿದೆ. ಲಾಳ ಯಾರು ಹೊಡೆಸಬೇಕು, ಕಾಯಿಲೆಯಾದರೆ ಮೊದಲು ಯಾರಿಗೆ ತಿಳಿಸಬೇಕು, ಬೇರೆಯವರ ಕೈಗೆ ಕೊಡಬಾರದು, ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯ ಗಾಳಿ ಬರುವ ಕಡೆ ಕಟ್ಟಬಾರದು. ಗೆಳೆತನದಲ್ಲಿ ಕುದುರೆ ಕೊಡುವಾಗಲೇ ಕಾಗದ ಗಟ್ಟಿ ಇರಬೇಕೆಂದು ಮೊಬೈಲಿನಲ್ಲಿ ಎಲ್ಲೋ ಓದಿದ್ದೆ. ಅಲ್ಲಿದ್ದ ಪಟ್ಟಿಯಿಂದಲೇ ಆರನೇ ಕಲಮನ್ನು ತೆಗೆದುಕೊಂಡೆ: ಮಾಲೀಕರ ಒಪ್ಪಿಗೆ ಇಲ್ಲದೆ ಕುದುರೆಯನ್ನು ಗಬ್ಬ ಕಟ್ಟಿಸಬಾರದು. ಒಂಬತ್ತನೆಯದು, ತಿಂಗಳಿಗೊಮ್ಮೆ ಮಾಲೀಕರು ಬಂದು ನೋಡಬಹುದು. ಬರೆದು ಮುಗಿಸಿದಾಗ ನನಗೆ ಹೆಮ್ಮೆಯಾಯಿತು. ಇದರಲ್ಲಿ ಬಿಟ್ಟುಹೋದದ್ದು ಏನೂ ಇಲ್ಲ ಎನಿಸಿತು.

ಫಕ್ಕೀರಪ್ಪ ಮಾವ ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ. ಹಾವೇರಿಯಲ್ಲಿ ಅಂಗಡಿಯ ಸಾಮಾನು ತರುವುದಿದೆ ಎಂದು ಮುಂಜಾನೆಯೇ ಹೋಗಿದ್ದ. ಅಂಥ ತುರ್ತಿನ ಸಾಮಾನು ಏನೂ ಇರಲಿಲ್ಲ, ನನಗೆ ಗೊತ್ತಿತ್ತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಮಾವ ಒಂದೊಂದೇ ಕಲಮು ಓದಿಸಿಕೊಂಡರು. ಪ್ರತಿಯೊಂದಕ್ಕೂ "ಹೂಂ" ಎಂದರು.

"ಸತ್ತರ ಏನ ಮಾಡಬೇಕು ಅನ್ನೂದೂ ಬರದೀಯಲ್ಲ ತಂಗಿ."

"ಬರೀಬೇಕಾಗತೈತ್ರಿ ಮಾವಾರ."

"ಬರಿ, ಬರಿ. ನಾ ಲಗ್ನ ಆಗೂಮುಂದ ಇಷ್ಟ ಬರಸಿಕೊಂಡಿದ್ದರ ನಿಮ್ಮತ್ತಿ ಇವತ್ತ ಹಿಂಗ ಮಾತಾಡತಿದ್ದಿಲ್ಲ." ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ದಾರ್ಯಾಗ ಪೊಲೀಸರು ಗಾಡಿ ನಿಲ್ಲಿಸಿದರ ಇದನ್ನ ತೋರಸಬಹುದಿಲ್ಲ?" ಎಂದರು.

"ತೋರಸಬಹುದ್ರಿ."

"ಹಂಗಾರ ಭಾಳ ಚಲೋ ಆತು." ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದರು.

ಹವಳಿಯನ್ನು ಪಿಕಪ್ ಗಾಡಿಯ ಹತ್ತಿರ ತಂದಾಗ ನನ್ನ ಕಣ್ಣಿಗೆ ಬಿದ್ದದ್ದು ಅದರ ಕೊರಳ ಹಗ್ಗ. ಪುಂಡಿನಾರಿನ ಜೊತೆ ನಿನ್ನ ಹಳೆಯ ಕೆಂಪಂಚಿನ ಟವೆಲ್ ಸೀಳಿ ಸೇರಿಸಿ, ಕೊರಳು ಉಜ್ಜಬಾರದೆಂದು ನೀನೇ ಹೊಸೆದದ್ದು. ನಿನ್ನ ಅಂಗಿಗಳನ್ನು ಅವ್ವ ಯಾರಿಗೋ ಕೊಟ್ಟಾಗಿತ್ತು. ಹಗ್ಗವಾದರೂ ಇರಲಿ ಎನಿಸಿತು. "ಹಗ್ಗಾ ಇಲ್ಲೇ ಇರಲ್ರಿ ಮಾವಾರ" ಎಂದೆ.

"ಹಗ್ಗಾ?"

"ಹೂಂರಿ."

"ವಿಚಾರ ಮಾಡಿ ಹೇಳಾಕತ್ತೀಯೇನ ತಂಗಿ?"

"ಹೂಂರಿ."

ಅವರು ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟರು. ಗಾಡಿಯವನಿಂದ ಒಂದು ನೈಲಾನ್ ಹಗ್ಗ ಇಸಿದುಕೊಂಡು ಹವಳಿಯ ಕೊರಳಿಗೆ ಕಟ್ಟಿ, ತಲೆಯ ರುಮಾಲು ತೆಗೆದು ನಮ್ಮ ಹೊಸ್ತಿಲನ್ನು ಮುಟ್ಟಿ ನಮಸ್ಕರಿಸಿದರು. "ನಿಮ್ಮ ಕಾಕಾ ಪುಣ್ಯವಂತ" ಎಂದರು. ಮೂಕಪ್ರಾಣಿಯನ್ನು ಒಯ್ಯುವಾಗ ಇವರು ಎಷ್ಟು ಗೌರವ ತೋರಿಸುತ್ತಾರೆ ಎಂದುಕೊಂಡೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಗ್ಗವನ್ನು ನನ್ನ ಕೋಣೆಯ ಮೊಳೆಗೆ ಹಾಕಿದೆ.

ಆಮೇಲಿನ ಎಂಟು ತಿಂಗಳಲ್ಲಿ ನಾನು ಬ್ಯಾಡಗಿಗೆ ಒಮ್ಮೆಯೂ ಹೋಗಲಿಲ್ಲ. ಒಂಬತ್ತನೇ ಕಲಮನ್ನು ಬರೆದವಳು ನಾನೇ. ಪರರ ಮನೆಗೆ ಹೋಗಿ, ಕುದುರೆ ನೋಡಲು ಬಂದಿದ್ದೇನೆ ಎಂದು ಹೇಗೆ ಹೇಳುವುದು? ಅವರು ನನ್ನನ್ನು ತಪಾಸಣೆಗೆ ಬಂದವಳು ಎಂದುಕೊಂಡರೆ? ಫೋನು ಮಾಡಿದರೆ "ಆರಾಮ ಅದಾಳವ್ವಾ" ಎನ್ನುತ್ತಿದ್ದರು, ನಾನು ಇಟ್ಟುಬಿಡುತ್ತಿದ್ದೆ. ಒಂದು ದಿನ ನಮ್ಮ ಬಾಂಡ್ ಅಂಗಡಿಗೆ ಬ್ಯಾಡಗಿಯ ಒಬ್ಬರು ಆಸ್ತಿ ಪಾಲಿನ ವಾಟ್ನಿಪತ್ರ ಬರೆಸಲು ಬಂದರು. ಮಗನ ಮದುವೆಯ ಮೆರವಣಿಗೆಯ ಮಾತು ಬಂತು. "ನಮ್ಮ ಫಕ್ಕೀರಪ್ಪ ಈಗ ಹೊಸಾ ಕುದುರಿ ಮಾಡ್ಯಾನ, ಕೆಂಪಂದು. ಸ್ವಂತದ್ದು" ಎಂದರು. ನಾನು ಅಣ್ಣನ ಪಾಲನ್ನು ತಮ್ಮನ ಹೆಸರಿಗೆ ಟೈಪ್ ಮಾಡಿಬಿಟ್ಟೆ. ಸರ್ ನೋಡಿ ತಿದ್ದಿಸಿದರು.

ಮರುದಿನ ರಜೆ ಹಾಕಿ ಹೊರಟೆ. ಚೀಲದಲ್ಲಿ ಕರಾರುಪತ್ರ ಇತ್ತು, ನಿನ್ನ ಔಷಧಿ ಚೀಟಿ ಇತ್ತು. ಸುಗ್ಗಿಯ ಕಾಲ. ಬಸ್ಸು ಬ್ಯಾಡಗಿ ಸೇರುವ ಮೊದಲೇ ಒಬ್ಬರ ಹಿಂದೆ ಒಬ್ಬರು ಸೀನತೊಡಗಿದರು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಓದಿಕೊಂಡೆ, ಮೌಖಿಕ ಪರೀಕ್ಷೆಗೆ ಹೋಗುವವಳ ಹಾಗೆ. ಮಾವನ ಮನೆಯ ಹಿಂದೆ, ಮಾರುಕಟ್ಟೆಯ ಗಾಳಿ ತಾಗದ ಕಡೆ ಒಂದು ತಗಡಿನ ಚಪ್ಪರ. ಅದರಡಿ ಹವಳಿ. ಕೊರಳಲ್ಲಿ ನೀಲಿ ಮಣಿ, ಹಿತ್ತಾಳೆಯ ಗಂಟೆ, ಹೊಸ ಬಿಳಿ ಹಗ್ಗ. ಹೊಟ್ಟೆ ದಪ್ಪವಾಗಿ ಕೆಳಗಿಳಿದಿತ್ತು. ಅತ್ತೆ ನೀರು ತಂದುಕೊಟ್ಟು, "ನಮ್ಮ ಹವಳಿನ್ನ ನೋಡಾಕ ಬಂದ್ಯಾ? ಬಂದ ದಿನಾನ ಉಡಿ ತುಂಬೇನಿ. ಈಗ ಗಬ್ಬಾಗಿ ಆರ ತಿಂಗಳು. ಗಳಗನಾಥದಾಗ ಒಂದು ಬಿಳೇ ಗಂಡು ಕುದುರಿ ಐತಿ, ಅದರದು" ಎಂದರು.

ನಾನು ಮಾವನ ಮುಂದೆ ಕರಾರುಪತ್ರ ತೆಗೆದು ಹಿಡಿದೆ. ಕಲಿತುಕೊಂಡು ಬಂದ ಮಾತೆಲ್ಲ ಹೋಗಿ, "ಆರನೇ ಕಲಮು" ಎಂದಷ್ಟೇ ಬಂತು.

ಅವರಿಗೆ ಸಿಟ್ಟು ಬರಲಿಲ್ಲ. ಅರ್ಥವಾಗಲಿಲ್ಲ ಅಷ್ಟೆ. "ಅದು ಕಾಗದದಾಗ ಐತಿ, ಖರೇ. ಆದರ ನೀ ಹಗ್ಗಾ ಬಿಚ್ಚಿಸಿಕೊಂಡ್ಯಲ್ಲವ್ವಾ."

"ಅಂದರರಿ?"

"ನಡಸಾಕ ಕೊಟ್ಟ ದನದ ಹಗ್ಗಾ ಯಾರರ ಇಸಕೊಳ್ತಾರೇನ? ಹಗ್ಗಾ ಇಟ್ಕೊಳ್ಳವರು ಮಾರಿದವರು. ದನಾ ಋಣಾ ಹರಕೊಂಡು ಹೋತು, ಮೇವು ಹಾಕೂ ನಮ್ಮ ಗ್ವಾದ್ಲಿ ಬರಿದಾಗಬಾರದು ಅಂತ ಹಗ್ಗಾ ಮನಿಗೆ ತರತಾರು. ನಿಮ್ಮ ಕಾಕಾನ ಕಡಿಂದ ನಾಕ ಸಲ ಒಯ್ದೇನಿ. ನಾಕೂ ಸಲ ಅದರ ಹಗ್ಗದಾಗ ಒಯ್ದು, ಅದರ ಹಗ್ಗದಾಗ ತಂದು ಕಟ್ಟೇನಿ. ಒಂದ ಚೀಟಿ ಬರದಿಲ್ಲ. ನೀ ಹಗ್ಗಾ ತಗೊಂಡಿ, ಕೈಯಾಗ ರೊಕ್ಕಾ ಏನೂ ಇಸಕೊಳ್ಳಲಿಲ್ಲ. ಕಾಕಾನ ಹೆಸರಿಲೆ ಕೊಟ್ಟಬಿಟ್ಟಳು ಅಂತ ನಾ ತಿಳಕೊಂಡೆ. ಎರಡ ಸಲ ಕೇಳೇನಿ ನಿನಗ."

"ಮತ್ತ ಸಹಿ ಯಾಕ ಮಾಡಿದ್ರಿ?"

"ಪೊಲೀಸರಿಗೆ ಒಂದು ಬೇಕಲ್ಲ. ಕಾಗದಾ ಅವರಿಗೆ. ಹಗ್ಗಾ ನಮ್ಮ ನಮ್ಮೊಳಗ."

ಆಗ ನನಗೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಹಾವೇರಿಯ ದನದ ಸಂತೆಯಲ್ಲಿ ಎತ್ತುಗಳನ್ನು ಮಾರಿ ಸಂಜೆ ಮನೆಗೆ ಬಂದದ್ದು, ಹೆಗಲ ಮೇಲೆ ಎರಡು ಹಗ್ಗ ಮಾತ್ರ ಇದ್ದದ್ದು. ಹಗ್ಗದ ಮೇಲೂ ಎಂಥ ಜಿಪುಣತನ ಎಂದು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ನೀನು ಅಲ್ಲೇ ಕುಳಿತು ಲಗಾಮಿಗೆ ಎಣ್ಣೆ ಹಚ್ಚುತ್ತಿದ್ದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ನಾನು ನೋಡಿದ್ದೆ ಕಾಕಾ. ಏನು ಎಂದು ಕೇಳಿರಲಿಲ್ಲ.

ಮಾವ ಎದ್ದು ಚಪ್ಪರದ ಕಡೆ ಹೋದರು. "ಇವತ್ತ ಒಯ್ತೀಯಾ? ಗಾಡಿ ಹೇಳತೇನಿ. ಬರದದ್ದರ ಪ್ರಕಾರ ನಿಂದ, ಹಂಗಾರ ನಿಂದ" ಎಂದು ಹಗ್ಗದ ಗಂಟಿಗೆ ಕೈ ಹಾಕಿದರು. ಅತ್ತೆ ಒಳಗೆ ಹೋದರು. ಗಂಟು ಬಿಗಿಯಾಗಿತ್ತೋ ಅವರ ಬೆರಳು ನಿಧಾನವಾಗಿತ್ತೋ, ಬಿಚ್ಚಲಿಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದರು: "ನಿಮ್ಮ ಕಾಕಾನ ಒಮ್ಮೆ ಅಂದಿದ್ದ, ಹವಳಿ ಹೊಟ್ಟಿಲೆ ಒಂದು ಮರಿ ನೋಡಬೇಕು ಅಂತ. ಇಲ್ಲದಿದ್ದರ ನಾ ಯಾಕ ಗಳಗನಾಥಕ್ಕ ಹೋಗತಿದ್ದೆ?"

ಅಂದಿದ್ದೆಯಾ ಕಾಕಾ? ನನ್ನ ಕಿವಿಗೆ ಅದು ಎಂದೂ ಬಿದ್ದಿಲ್ಲ. ಅವರು ಹೇಳಿದ್ದು ನಿಜವೋ, ಆ ಹೊತ್ತಿಗೆ ಹುಟ್ಟಿದ ಮಾತೋ ತಿಳಿಯಲು ಯಾವ ಕಾಗದವೂ ಇಲ್ಲ. ನಾನು ಹವಳಿಯನ್ನು ನೋಡಿದೆ. ಲಾಳ ಹೊಸದು. ಕಣ್ಣಲ್ಲಿ ನೀರಿಲ್ಲ, ಕೆಮ್ಮಿಲ್ಲ. ಸ್ವಂತದ್ದು ಎಂದುಕೊಂಡ ಮೇಲೂ ಅವರು ಆರನೆಯದೊಂದನ್ನು ಬಿಟ್ಟು ಉಳಿದ ಕಲಮುಗಳನ್ನೆಲ್ಲ ನಡೆಸಿದ್ದರು. ನಾನು ನನಗೆಂದು ಬರೆದುಕೊಂಡ ಒಂಬತ್ತನೆಯದೊಂದನ್ನೂ ನಡೆಸಿರಲಿಲ್ಲ. "ಇರಲಿ ಬಿಡ್ರಿ ಮಾವಾರ. ಮುಂದಿನ ವಾರ ಬರತೇನಿ" ಎಂದೆ. ಅಷ್ಟೇ ಹೇಳಲಾಯಿತು.

ಆವತ್ತು ಸಂಜೆ ಅವ್ವ ಜೋಳ ಹಸನು ಮಾಡುತ್ತಿದ್ದಳು. ಹೇಳಿದೆ. ಮೊರ ನಿಲ್ಲಿಸದೆ ಅಂದಳು: "ನೀ ಹಗ್ಗಾ ಇಸಕೊಂಡಿದ್ದು ನಾ ಬಾಗಲಾಗ ನಿಂತು ನೋಡೇನಿ. ನಿಮ್ಮಪ್ಪಗೂ ಹೇಳೇನಿ. ಓದಿದಾಕಿ, ವಿಚಾರ ಮಾಡಿನ ಕೊಟ್ಟಿರತಾಳ ಅಂದ."

"ನನ್ನ ಒಂದು ಮಾತು ಕೇಳಬೇಕಿತ್ತಲ್ಲಬೇ?"

"ನೀ ಮಾತಾಡಾಕಿ ಆಗಿದ್ದರ ಕೇಳತಿದ್ವಿ."

ಊಟಕ್ಕೆ ಕುಳಿತಾಗ ಅಪ್ಪ ರೊಟ್ಟಿ ಮುರಿಯುತ್ತ, "ಆವತ್ತ ನಾ ಮನ್ಯಾಗ ಇರಬೇಕಾಗಿತ್ತು" ಎಂದ. ಇಷ್ಟೇ. ಎಂಟು ತಿಂಗಳು ಅಪ್ಪ ನನ್ನನ್ನು ತಮ್ಮನ ಕೊನೆಯ ಮಾತು ಮುರಿದವಳು ಎಂದುಕೊಂಡೇ ದಿನಾ ನನ್ನ ಎದುರು ಊಟ ಮಾಡಿದ್ದ. ಒಮ್ಮೆಯೂ ಮುಖದಲ್ಲಿ ತೋರಿಸಿರಲಿಲ್ಲ.

ಮುಂದಿನ ವಾರ ಮೊಳೆಯಿಂದ ಹಗ್ಗ ತೆಗೆದುಕೊಂಡು ಬ್ಯಾಡಗಿಗೆ ಹೋದೆ. ಅಪ್ಪನೂ ಬಂದ. ಮಾವ ತಮ್ಮ ಬಿಳಿ ಹಗ್ಗ ಬಿಚ್ಚಿ ಸುತ್ತಿಟ್ಟರು. ನಾನು ನಿನ್ನದನ್ನು ಕಟ್ಟಿದೆ. ಗಂಟು ಸರಿಬರದೆ ಅಪ್ಪ ಬಿಚ್ಚಿ ಮತ್ತೆ ಹಾಕಿದ. ಹವಳಿ ಟವೆಲ್ಲಿನ ಅಂಚನ್ನು ಮೂಸಿ ನೋಡಿ ಮೇವಿಗೆ ಬಾಯಿ ಹಾಕಿತು. ಕರಾರಿನಲ್ಲಿ ಆರನೇ ಕಲಮಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ನಾನು ಸಹಿ ಮಾಡಿದೆ, ಮಾವನಿಂದ ಮಾಡಿಸಿದೆ. "ಹೊಡದ ಹಾಕಿದ್ದಕ್ಕೂ ಸಹಿ ಬೇಕೇನ?" ಎಂದರು. "ಅದಕ್ಕ ಮುಖ್ಯ ಬೇಕ್ರಿ" ಎಂದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಕುದುರೆಯನ್ನು ಅದರ ಹಗ್ಗದೊಡನೆ ಕೊಡಲಾಗಿದೆ. ಓದಿ ಹೇಳಿದಾಗ ಮಾವ ನಕ್ಕರು. "ಇದೊಂದ ಬರದಿದ್ದರ ಸಾಕಾಗಿತ್ತಲ್ಲ ತಂಗಿ, ಎರಡ ಹಾಳಿ ಯಾಕ ಕೆಡಸಿದಿ?" ಅಂದಿನಿಂದ ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಚಹಾ ಕುಡಿದು ಬರುತ್ತೇನೆ. ಹೆಚ್ಚು ಮಾತಿಲ್ಲ, ಆದರೂ ಹೋಗುತ್ತೇನೆ.

ಹೋದ ವಾರ ಹವಳಿ ಈದಳು ಕಾಕಾ. ಹೆಣ್ಣುಮರಿ. ನಾನು ಹೋಗುವಷ್ಟರಲ್ಲಿ ಎದ್ದು ನಿಂತಿತ್ತು, ಕಾಲು ನಾಲ್ಕೂ ನಾಲ್ಕು ಕಡೆಗೆ. ಮೈ ಬೂದಿ ಮಿಶ್ರಿತ ಕಪ್ಪು. "ಅಪ್ಪನಂಗ ಬರಬರತ ಬೆಳ್ಳಗ ಆಗತೈತಿ ನೋಡ. ಇನ್ನ ಲಗ್ನದವರು ಫೋನ್ ಇಟ್ಟರ ಕೇಳ" ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ಮರಿದು ಏನರ ಬರೀಬೇಕೇನವ್ವಾ?" ಎಂದು ಕೇಳಿದರು. ಅತ್ತೆ ಚಪ್ಪರದ ಕಂಬ ಹಿಡಿದು ನಿಂತಿದ್ದರು. ಹಾಲು ಬಿಡುವ ತನಕ ಮರಿಗೆ ಹಗ್ಗ ಹಾಕುವುದಿಲ್ಲವಂತೆ. "ಹಾಲು ಬಿಡಲ್ರಿ, ಆಮ್ಯಾಲ ಹೇಳತೇನಿ" ಎಂದು ಬಂದೆ.

ಔಷಧಿ ಚೀಟಿಯನ್ನು ಮತ್ತೆ ತೆಗೆದು ನೋಡಿದೆ. ಅದರಲ್ಲಿ ಇರುವುದು ಹವಳಿಯ ಮಾತು. ಹವಳಿ ಮನೆಯದೇ, ಅವಧಿ ಮುಗಿದ ದಿನ ಅವಳ ಹಗ್ಗದಲ್ಲೇ ಕರ್ಜಗಿಯ ನಮ್ಮ ಮನೆಗೆ ಬರುತ್ತಾಳೆ. ಮರಿಯ ಬಗ್ಗೆ ನೀನು ನನಗೆ ಏನನ್ನೂ ಬರೆಸಿಲ್ಲ. ಅದನ್ನು ನಾನೇ ಯೋಚಿಸಿ, ಅಪ್ಪ ಅವ್ವ ಇಬ್ಬರ ಎದುರೂ ಬಾಯಿ ಬಿಟ್ಟು ಹೇಳಿದ್ದೇನೆ. ಅವರು ಒಪ್ಪಿದರು. ಈಗ ಅಪ್ಪ ಸಂಜೆ ನನಗೆ ಹಗ್ಗ ಹೊಸೆಯುವುದನ್ನು ಕಲಿಸುತ್ತಿದ್ದಾನೆ. ಅಪ್ಪನಿಗೆ ಅದು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾರು ನೆನೆಸುತ್ತೇವೆ, ಹೊಸೆಯುತ್ತೇನೆ, ಬಿಚ್ಚಿಕೊಳ್ಳುತ್ತದೆ, ಮತ್ತೆ ಹೊಸೆಯುತ್ತೇನೆ. ಮರಿ ಹಾಲು ಬಿಟ್ಟ ದಿನ ಆ ಹಗ್ಗವನ್ನು ಬ್ಯಾಡಗಿಗೆ ಒಯ್ದು ಅದರ ಕೊರಳಿಗೆ ನಾನೇ ಕಟ್ಟುತ್ತೇನೆ. ಕಟ್ಟಿ, ಫಕ್ಕೀರಪ್ಪ ಮಾವನ ಎದುರಿಗೆ ಬಿಚ್ಚಿಕೊಳ್ಳುತ್ತೇನೆ. ವಿಚಾರ ಮಾಡಿ ಹೇಳಾಕತ್ತೀಯೇನ ಎಂದು ಅವರು ಎರಡು ಸಲ ಕೇಳಿದರೆ ಎರಡು ಸಲವೂ ಹೂಂ ಎನ್ನುತ್ತೇನೆ. ಹಗ್ಗವನ್ನು ಮನೆಗೆ ತಂದು, ಖಾಲಿ ಇರುವ ಆ ಮೊಳೆಗೆ ಹಾಕುತ್ತೇನೆ.

ನಿನ್ನ
ರೇಣವ್ವ